ವಿಟಮಿನ್ ಡಿ: ಬಿಸಿಲಿನ ನಾಡಿನಲ್ಲೂ ಕೊರತೆ ಏಕೆ?

ವರ್ಷದ ಹೆಚ್ಚಿನ ತಿಂಗಳು ಬಿಸಿಲಿನಲ್ಲಿ ಬೆವರುವ ನಮ್ಮ ಕರಾವಳಿಯಲ್ಲಿ, ರಕ್ತ ಪರೀಕ್ಷೆಯ ವರದಿ ಹಿಡಿದು "ನನಗೆ ವಿಟಮಿನ್ ಡಿ ಕಡಿಮೆಯಂತೆ" ಎನ್ನುವವರು ಈಗ ಪ್ರತಿ ವಾಳೆಯಲ್ಲೂ ಸಿಗುತ್ತಾರೆ. ಕೆಲವರು ಗಾಬರಿಯಾಗುತ್ತಾರೆ, ಕೆಲವರು ಔಷಧ ಅಂಗಡಿಗೆ ನೇರವಾಗಿ ನಡೆಯುತ್ತಾರೆ. ಎರಡೂ ಸರಿಯಲ್ಲದ ಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿ ಓದುಗರ ಮುಂದಿಡುತ್ತಿದ್ದೇವೆ.

ಹೆಸರು ವಿಟಮಿನ್ ಆದರೂ ಇದನ್ನು ನಮ್ಮ ದೇಹವೇ ತಯಾರಿಸಬಲ್ಲದು. ಬಿಸಿಲಿನಲ್ಲಿರುವ ಅತಿನೇರಳೆ 'ಬಿ' ಕಿರಣಗಳು ಚರ್ಮದ ಮೇಲೆ ಬಿದ್ದಾಗ ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ವಸ್ತುವೊಂದು ವಿಟಮಿನ್ ಡಿ-3 ಆಗಿ ಬದಲಾಗುತ್ತದೆ. ಅದು ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡದಲ್ಲಿ ಮಾರ್ಪಾಡು ಹೊಂದಿ ಹಾರ್ಮೋನಿನಂತೆ ಕೆಲಸಕ್ಕಿಳಿಯುತ್ತದೆ. ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಇದು ಬೇಕೇ ಬೇಕು. ಇದಿಲ್ಲದಿದ್ದರೆ ಹಾಲು, ರಾಗಿ ಎಷ್ಟು ಸೇವಿಸಿದರೂ ಕ್ಯಾಲ್ಸಿಯಂನ ಅಲ್ಪಾಂಶ ಮಾತ್ರ ದೇಹಕ್ಕೆ ಸೇರುತ್ತದೆ. ತೀವ್ರ ಕೊರತೆಯಾದರೆ ಮಕ್ಕಳಲ್ಲಿ ಕಾಲು ಬಾಗುವ ರಿಕೆಟ್ಸ್, ದೊಡ್ಡವರಲ್ಲಿ ಮೂಳೆ ಮೆದುವಾಗಿ ಸೊಂಟ, ತೊಡೆಗಳಲ್ಲಿ ನೋವು, ಸ್ನಾಯುಗಳಲ್ಲಿ ನಿಶ್ಶಕ್ತಿ ಕಾಣಿಸಿಕೊಳ್ಳುತ್ತದೆ.

ಬಿಸಿಲಿಗೂ ಮೂಳೆಗೂ ಇರುವ ನಂಟನ್ನು ಮೊದಲಿಗೆ ಗುರುತಿಸಿದವರಲ್ಲಿ ಒಬ್ಬ ಮಿಷನರಿ ವೈದ್ಯರಿದ್ದರು ಎಂಬುದು ಸ್ವಾರಸ್ಯದ ಸಂಗತಿ. ಥಿಯೋಬಾಲ್ಡ್ ಪಾಮ್ 1870ರ ದಶಕದಲ್ಲಿ ಜಪಾನಿನ ನೀಗಾಟದಲ್ಲಿ ಸೇವೆ ಸಲ್ಲಿಸಿದವರು. ಅಲ್ಲಿನ ಬಡ ಮಕ್ಕಳಲ್ಲಿ ರಿಕೆಟ್ಸ್ ಅಪರೂಪ. ಊರಿಗೆ ಮರಳಿದಾಗ ಹೊಗೆ ಮುಸುಕಿದ ಇಂಗ್ಲೆಂಡಿನ ಮಕ್ಕಳಲ್ಲಿ ಅದೇ ರೋಗ ಧಾರಾಳ! ಬೇರೆ ದೇಶಗಳ ಮಿಷನರಿಗಳಿಂದಲೂ ಮಾಹಿತಿ ತರಿಸಿ, ಬಿಸಿಲಿನ ಅಭಾವವೇ ಕಾರಣವೆಂದು ಅವರು 1890ರಲ್ಲಿ ಬರೆದರು. ಆಗ ಹೆಚ್ಚಿನವರು ಅದನ್ನು ಲೆಕ್ಕಿಸಲಿಲ್ಲ. 1919ರಲ್ಲಿ ಬರ್ಲಿನ್‌ನ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಅತಿನೇರಳೆ ದೀಪದಿಂದ ರೋಗಿ ಮಕ್ಕಳನ್ನು ಗುಣಪಡಿಸಿ ತೋರಿಸಿದ ಮೇಲೆಯೇ ಲೋಕ ನಂಬಿತು. ಈ ವಿಟಮಿನ್‌ಗಳ ಕುರಿತ ಸಂಶೋಧನೆಗಾಗಿ ಅಡಾಲ್ಫ್ ವಿಂಡೌಸ್ 1928ರಲ್ಲಿ ನೊಬೆಲ್ ಪಡೆದರು.

ಹಾಗಾದರೆ ನಮಗೇಕೆ ಕೊರತೆ? ಬಿಸಿಲು ಹೊರಗಿದೆ, ನಾವು ಒಳಗಿದ್ದೇವೆ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಚರ್ಮ ಕಪ್ಪಾದಷ್ಟೂ ಹೆಚ್ಚು ಹೊತ್ತು ಬಿಸಿಲು ಬೇಕು. ಮೈತುಂಬ ಉಡುವ ಧರ್ಮಭಗಿನಿಯರು, ಉದ್ದ ನಿಲುವಂಗಿಯ ನಾವು ಗುರುಗಳು, ಏರ್‌ಕಂಡೀಷನ್ ಕೋಣೆಯಲ್ಲೇ ದಿನ ಕಳೆಯುವ ಗಲ್ಫ್ ಬಂಧುಗಳು ಎಲ್ಲರೂ ಇದೇ ಪಟ್ಟಿಯವರು. ಇನ್ನೊಂದು ತಪ್ಪು ಕಲ್ಪನೆ ಎಳೆಬಿಸಿಲಿನದು. ಬೆಳಗ್ಗೆ ಏಳರ ಬಿಸಿಲು ಹಿತವೇನೋ ಹೌದು, ಆದರೆ ಅದರಲ್ಲಿ ಬೇಕಾದ ಕಿರಣಗಳು ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತೇ ಸರಿಯಾದುದು. ಕೈಕಾಲುಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿದರೆ ಸಾಕು, ಚರ್ಮ ಸುಡುವಷ್ಟು ಬೇಡ.

ಆಹಾರದಲ್ಲಿ ಇದು ಸಿಗುವುದು ಕೆಲವೇ ವಸ್ತುಗಳಲ್ಲಿ. ನಮ್ಮ ಬೂತಾಯಿ, ಬಂಗುಡೆಯಂತಹ ಎಣ್ಣೆಯಂಶದ ಮೀನುಗಳು ಉತ್ತಮ. ಮೊಟ್ಟೆಯ ಹಳದಿಯಲ್ಲಿ ಅಲ್ಪಸ್ವಲ್ಪ ಇದೆ. ಪ್ಯಾಕೆಟ್ ಮೇಲೆ '+ಎಫ್' ಗುರುತಿರುವ ಹಾಲಿಗೆ ಇದನ್ನು ಸೇರಿಸಿರುತ್ತಾರೆ.

ಈಗ ಮುಖ್ಯ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಸಾಕು. ಕೊರತೆ ಇರುವವರಿಗೆ ವೈದ್ಯರು ಸಾಮಾನ್ಯವಾಗಿ 60,000 ಯೂನಿಟ್‌ನ ಪುಡಿ ಅಥವಾ ಮಾತ್ರೆಯನ್ನು ವಾರಕ್ಕೊಂದರಂತೆ ಕೆಲವು ವಾರ ಬರೆಯುತ್ತಾರೆ. ಅದು ನೂರು ದಿನದ ಪ್ರಮಾಣ! ಮನೆ ಭೇಟಿಯ ವೇಳೆ, ಚೀಟಿ ಓದಲು ಬಾರದ ವೃದ್ಧರು ಇದನ್ನು ದಿನಕ್ಕೊಂದರಂತೆ ತೆಗೆದುಕೊಳ್ಳುತ್ತಿದ್ದುದನ್ನು ನಾವೇ ಕಂಡಿದ್ದೇವೆ. ಹೆಚ್ಚುವರಿ ವಿಟಮಿನ್ ಡಿ ಮೂತ್ರದಲ್ಲಿ ಹೋಗದೆ ಕೊಬ್ಬಿನಲ್ಲಿ ಉಳಿಯುತ್ತದೆ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ, ಗಲಿಬಿಲಿ ಉಂಟಾಗಬಹುದು, ಮೂತ್ರಪಿಂಡವೂ ಕೆಡಬಹುದು. ಬಿಸಿಲಿನಿಂದ ಮಾತ್ರ ಹೀಗಾಗದು, ಹೆಚ್ಚಾದುದನ್ನು ಚರ್ಮವೇ ಒಡೆದುಹಾಕುತ್ತದೆ.

ಕ್ಯಾನ್ಸರ್, ಹೃದಯಾಘಾತ ಎಲ್ಲಕ್ಕೂ ಇದೇ ಮದ್ದು ಎಂಬ ಪ್ರಚಾರವನ್ನೂ ನಂಬಬೇಕಿಲ್ಲ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಅಧ್ಯಯನದಲ್ಲಿ ದಿನಾ 2,000 ಯೂನಿಟ್ ಪಡೆದವರಲ್ಲಿ ಇವೆರಡೂ ಕಡಿಮೆಯಾಗಲಿಲ್ಲವೆಂದು 2018ರಲ್ಲಿ ವರದಿಯಾಯಿತು. ಆರೋಗ್ಯವಂತರು ಸುಮ್ಮನೆ ಇದರ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲವೆಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ತಿಳಿಸಿದೆ.

ಆದರೆ ಎದೆಹಾಲು ಮಾತ್ರ ಕುಡಿಯುವ ಶಿಶುಗಳಿಗೆ ದಿನಕ್ಕೆ 400 ಯೂನಿಟ್ ಹನಿ ಬೇಕು, ಎದೆಹಾಲಿನಲ್ಲಿ ಇದು ಸಾಲದು. ಹಾಸಿಗೆ ಹಿಡಿದ ವೃದ್ಧರು, ಗರ್ಭಿಣಿಯರು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ರೋಗಿಗಳ ಭೇಟಿಗೆ ಹೋಗುವ ಕಾರ್ಯಕರ್ತರು ದಿಂಬಿನ ಪಕ್ಕದ ಮಾತ್ರೆ ಡಬ್ಬಿಯನ್ನೊಮ್ಮೆ ನೋಡಿ, ಯಾವುದು ದಿನಕ್ಕೆ, ಯಾವುದು ವಾರಕ್ಕೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿಟ್ಟು ಬನ್ನಿ.