ಗೋವಾಕ್ಕೆ ಹೋದ ನಮ್ಮ ಸಿಐಡಿ 999

ಯುದ್ಧದ ನಂತರದ ಜಪಾನಿನ ಪತ್ತೇದಾರಿ ಸಿನಿಮಾಗಳನ್ನ ನೋಡ್ತಾ ನೋಡ್ತಾ ನಮ್ಮ ಸಿಐಡಿ 999 ನೆನಪಾದ. ಅದೇರೀ, ದೊರೈ-ಭಗವಾನ್ ಜೋಡಿಯ 'ಜೇಡರಬಲೆ' ಮತ್ತು 'ಗೋವಾದಲ್ಲಿ ಸಿಐಡಿ 999'. ಎರಡೂ 1968ರವು. ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಬೇಡರ ಕಣ್ಣಪ್ಪ, ಕನಕದಾಸ ಆಗಿದ್ದ ರಾಜಕುಮಾರ್ ಸೂಟು ಹಾಕಿ ಪಿಸ್ತೂಲು ಹಿಡಿದರು!

ಇವೆಲ್ಲ ಬಾಂಡ್ ನಕಲು ಅಂತ ತಳ್ಳಿಹಾಕೋರು ಬಹಳ. ಬಾಂಡ್ ಛಾಯೆ ಇದೆ, ಇಲ್ಲ ಅನ್ನೋದಿಲ್ಲ. 'ಡಾಕ್ಟರ್ ನೋ' ಬಂದದ್ದು 1962ರಲ್ಲಿ. ಆದರೆ ಸಿಐಡಿ ಗೋವಾಕ್ಕೇ ಯಾಕೆ ಹೋದ?

ಧಾರವಾಡದವರಿಗೆ ಇದು ಬೇಗ ತಿಳಿದೀತು. ಇಲ್ಲಿಂದ ಲೋಂಡಾ, ಮುಂದೆ ಕ್ಯಾಸಲ್ ರಾಕ್, ಘಟ್ಟ ಇಳಿದರೆ ಗೋವಾ. 1961ರ ಡಿಸೆಂಬರ್ 19ರ ತನಕ ಅಲ್ಲಿ ಪೋರ್ಚುಗೀಸರ ಆಳ್ವಿಕೆ. ಆಗ ಕ್ಯಾಸಲ್ ರಾಕ್ ಬರೀ ಸ್ಟೇಷನ್ ಅಲ್ಲ, ದೇಶದ ಗಡಿ. 1955ರ ಆರ್ಥಿಕ ದಿಗ್ಬಂಧನದಲ್ಲಿ ಆ ಹಾದಿಯ ರೈಲೂ ನಿಂತಿತು. ಸಿನಿಮಾ ಬಂದಾಗ ಆ ಗಡಿ ಅಳಿಸಿ ಏಳೇ ವರ್ಷ.

ಚಿನ್ನದ ಕಥೆಯೂ ಹಾಗೇ. ಚೀನಾ ಯುದ್ಧದ ಬೆನ್ನಿಗೆ, 1963ರಲ್ಲಿ, ಸರಕಾರ ಚಿನ್ನದ ಮೇಲೆ ನಿಯಂತ್ರಣ ಹೇರಿತು. 14 ಕ್ಯಾರಟ್‌ಗಿಂತ ಹೆಚ್ಚಿನ ಒಡವೆ ಹೊಸದಾಗಿ ಮಾಡುವಂತಿರಲಿಲ್ಲ. 1968ರಲ್ಲಿ ಅದಕ್ಕೊಂದು ಕಾಯ್ದೆಯೇ ಬಂತು. ಅದೇ ವರ್ಷ 'ಜೇಡರಬಲೆ'ಯಲ್ಲಿ ನಮ್ಮ ಸಿಐಡಿ ಬೆನ್ನು ಹತ್ತಿದ್ದು ಲೋಹವನ್ನ ಚಿನ್ನ ಮಾಡುವ ಸೂತ್ರವನ್ನ!

ಈಗ ಕುರೊಸಾವಾನ 'ಸ್ಟ್ರೇ ಡಾಗ್' (1949) ನೋಡಿ. ಟೋಕಿಯೋದ ಸುಡುಬಿಸಿಲು, ಬಸ್ಸಿನಲ್ಲಿ ಒಬ್ಬ ಎಳೆಯ ಪತ್ತೇದಾರನ ಪಿಸ್ತೂಲು ಕಳವಾಗ್ತದೆ. ಹುಡುಕುತ್ತ ಹೋದರೆ ಕಾಳಸಂತೆ. ಅಕ್ಕಿಯ ರೇಷನ್ ಕಾರ್ಡು ಒತ್ತೆ ಇಟ್ಟು ಪಿಸ್ತೂಲು ಬಾಡಿಗೆಗೆ ತರುವ ಜನ. ಕೊನೆಗೆ ಗೊತ್ತಾಗೋದೇನು? ಅಪರಾಧಿಯೂ ಪತ್ತೇದಾರನೂ ಇಬ್ಬರೂ ಯುದ್ಧದಿಂದ ಮರಳಿದ ಸೈನಿಕರು. ಊರಿಗೆ ಬರುವಾಗ ಇಬ್ಬರ ಗಂಟೂ ಕಳುವಾಗಿತ್ತು. ಒಬ್ಬ ಪೊಲೀಸ್ ಆದ, ಇನ್ನೊಬ್ಬ ದಾರಿ ತಪ್ಪಿದ. ಕೆಸರಿನಲ್ಲಿ ಬಿದ್ದಾಗ ಯಾರು ಯಾರೆಂದೇ ತಿಳಿಯದು.

ಸೋತ ದೇಶ ತನ್ನೊಳಗೇ ನೋಡಿಕೊಂಡಿತು. ಹೊಸದಾಗಿ ಸ್ವತಂತ್ರವಾದ ನಮಗೆ ಭಯವಿದ್ದದ್ದು ಗಡಿಯದು, ಚಿನ್ನದ್ದು. ಹಾಗಾಗಿ ನಮ್ಮ ಸಿಐಡಿಗೆ ತನ್ನ ಬಗ್ಗೆ ಅನುಮಾನವೇ ಬರಲಿಲ್ಲ. ಕಳ್ಳ ಯಾಕೆ ಕಳ್ಳನಾದ ಅಂತ ಅವನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ನನಗೆ ಕೊರತೆ ಅನಿಸೋದು ಇದೇ, ನಕಲು ಅನ್ನೋದಲ್ಲ.

ಗೋವಾ ಗಡಿಯಾಗಿದ್ದ ಕಾಲ ಕಂಡವರು ಈಗ ಎಂಬತ್ತರ ಆಚೆ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಕೂತು ಕೇಳ್ರಿ, ಬರೆದಿಡ್ರಿ. ಸಿನಿಮಾ ಹೇಳದೆ ಬಿಟ್ಟದ್ದು ಅವರ ಹತ್ತಿರ ಸಿಕ್ಕೀತು.