ಕೋಟೆಯ ಮಣ್ಣು, ಬೆಳ್ಳಿಯ ಬಳ್ಳಿ

ಬಹಮನಿ ಸುಲ್ತಾನ ಅಹಮದ ಶಹನು 15ನೆಯ ಶತಮಾನದ ಪೂರ್ವಾರ್ಧದಲ್ಲಿ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ಸಾಗಿಸಿದನು. ಅಲ್ಲಿಯ ಕೋಟೆಯನ್ನು ನೋಡಹೋದವರು ಬುರುಜುಗಳನ್ನೂ ರಂಗೀನ್ ಮಹಲನ್ನೂ ಕಂಡು ಬೆರಗಾಗುವರು. ಕಾಲಡಿಯ ಮಣ್ಣಿನ ಕಡೆಗೆ ಅವರ ಲಕ್ಷ್ಯವಿರದು. ಬಿದರಿಯ ಕಸಬುದಾರನಾದರೋ ಆ ಮಣ್ಣಿಗಾಗಿಯೇ ಕೋಟೆಯನ್ನು ಹೊಗುವನು. ಬಿಸಿಲು ಮಳೆ ತಾಗದೆ ಬಹುಕಾಲ ಬಿದ್ದ ಮೂಲೆಯ ಮಣ್ಣೇ ಅವನಿಗೆ ಬೇಕು. ಅದರ ಗುಣವನ್ನು ನಾಲಗೆಯ ಮೇಲಿಟ್ಟು ಅರಿಯುವುದುಂಟು.

ಬಿದರಿಯ ಲೋಹದಲ್ಲಿ ಸತುವೇ ಬಹುಪಾಲು; ತಾಮ್ರವು ಅತ್ಯಲ್ಪ. ಎರಕ ಹೊಯ್ದು, ಅರದಿಂದ ನಯಗೊಳಿಸಿ, ಉಳಿಯಿಂದ ಹೂಬಳ್ಳಿಗಳನ್ನು ಕೊರೆದು, ಆ ತೋಡುಗಳಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂಡಿಸಿ ತಟ್ಟುವರು. ಇಷ್ಟಾದರೂ ಚಿತ್ತಾರವು ಮಸುಕೇ. ಬೂದಿಬಣ್ಣದ ಸತುವಿಗೂ ಬೆಳ್ಳಿಗೂ ಭೇದವೆಷ್ಟು? ಆಗ ಕೋಟೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಪಾತ್ರೆಗೆ ತಿಕ್ಕುವರು. ಸತುವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಯು ಬೆಳ್ಳಗೆಯೇ ಉಳಿದು, ಕತ್ತಲೆಯಲ್ಲಿ ಹೂ ಬಿಟ್ಟಂತೆ ತೋರುವುದು.

ಇಂಥ ಅಲಂಕಾರವು ದೊರೆತದ್ದು ಹುಕ್ಕೆಯ ಬುಡಕ್ಕೆ, ಸುರಾಯಿಗೆ, ಎಲೆಯಡಿಕೆಯ ಡಬ್ಬಿಗೆ, ಕಡೆಗೆ ಪೀಕದಾನಿಗೂ! ಉಗುಳುವ ಪಾತ್ರೆಗೆ ಇಷ್ಟು ನವಿರಾದ ಕುಸುರಿಯನ್ನು ಸಲ್ಲಿಸಿದವರ ರಸಿಕತೆಯು ಮಹಲು ಕಟ್ಟಿಸಿದವರದಕ್ಕಿಂತ ಕಿರಿದೆನ್ನಲಾಗದು. ಅರಸರ ಹೆಸರುಗಳನ್ನು ಶಾಸನಗಳು ಕಾದಿರಿಸಿವೆ. ಹಳೆಯ ಬಿದರಿಯ ಮೇಲೆ ಮಾಡಿದವನ ಹೆಸರು ಕಾಣುವುದು ಬಲು ಅಪರೂಪ. 2006ರಲ್ಲಿ ಈ ಕಸಬಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗಲೂ ರಕ್ಷಣೆ ಪಡೆದದ್ದು ಊರಿನ ಹೆಸರೇ. ಹುಕ್ಕೆ, ಪೀಕದಾನಿಗಳು ಮನೆಗಳಿಂದ ಮರೆಯಾಗಿ, ಕುಸುರಿಯು ಈಗ ಹೂದಾನಿಗಳ ಮೇಲೆ ನಿಂತಿದೆ. ಕಪ್ಪಿಗಾಗಿ ಮಾತ್ರ ಕಸಬುದಾರನು ಇಂದಿಗೂ ಆ ಹಳೆಯ ಮಣ್ಣನ್ನೇ ಅರಸುವನು.