ಕುಡಿತ, ಹೊಡೆತ ಮತ್ತು ಆಪ್ತಸಮಾಲೋಚನೆ: ಕೊಯಮತ್ತೂರು–ತಿರುಪ್ಪೂರು ಸೀಮೆಯಿಂದ ಒಂದು ವಿಚಾರ

2017ರ ಏಪ್ರಿಲ್‌ನಲ್ಲಿ ತಿರುಪ್ಪೂರು ಜಿಲ್ಲೆಯ ಸಾಮಳಾಪುರದ ಹೆಂಗಸರು ತಮಿಳುನಾಡು ಸರ್ಕಾರದ ಮದ್ಯದಂಗಡಿಯಾದ ಟಾಸ್ಮ್ಯಾಕ್ ಬೇಡವೆಂದು ರಸ್ತೆಗಿಳಿದರು. ಸುಪ್ರೀಂ ಕೋರ್ಟ್ ಆದೇಶದಿಂದ ಹೆದ್ದಾರಿ ಬಿಟ್ಟ ಮದ್ಯದಂಗಡಿಗಳು ಊರೊಳಗೆ ಸರಿಯುತ್ತಿದ್ದ ಕಾಲವದು. ಪೊಲೀಸ್ ಅಧಿಕಾರಿಯೊಬ್ಬ ಪ್ರತಿಭಟಿಸುತ್ತಿದ್ದ ಮಹಿಳೆಯ ಕೆನ್ನೆಗೆ ಹೊಡೆದದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. ಆ ಹೊಡೆತಕ್ಕೆ ಯಾರೂ ಕುಡಿತದ ನೆವ ಹೇಳಲಿಲ್ಲ.

ಮನೆಯೊಳಗಿನ ಹೊಡೆತಕ್ಕೆ ಮಾತ್ರ ಈ ನೆವ ಸಲೀಸಾಗಿ ಸಿಗುತ್ತದೆ. "ಕುಡಿದಾಗ ಮಾತ್ರ ಹೀಗೆ, ಇಲ್ಲದಿದ್ದರೆ ಬಂಗಾರದಂಥ ಮನುಷ್ಯ" ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಪದೇಪದೇ ಕುಡಿದು ಬರುವ ಗಂಡಂದಿರ ಹೆಂಡಿರಲ್ಲಿ ಶೇ. 70ರಷ್ಟು ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಉಂಡವರು. ಕುಡಿಯದವರ ಹೆಂಡಿರಲ್ಲಿ ಶೇ. 23. ನಮ್ಮ ಚರ್ಚೆಗಳು ಮೊದಲ ಅಂಕಿಯಲ್ಲೇ ನಿಂತುಬಿಡುತ್ತವೆ. ಎರಡನೆಯದೇನು ಸಣ್ಣದೆ?

2005ರ ಕೌಟುಂಬಿಕ ಹಿಂಸೆ ಕಾಯ್ದೆಯ 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಗಂಡಹೆಂಡಿರನ್ನು ಒಟ್ಟಿಗೋ ಬೇರೆಬೇರೆಯಾಗಿಯೋ ಆಪ್ತಸಮಾಲೋಚನೆಗೆ ಕಳಿಸಬಹುದು. ಅಲ್ಲಿ ಎದುರುದಾರ ತನ್ನ ಹಿಂಸೆಗೆ ಸಮರ್ಥನೆ ಕೊಡುವಂತಿಲ್ಲವೆಂದು 2006ರ ನಿಯಮಗಳು ಹೇಳುತ್ತವೆ. ಕುಡಿತವನ್ನು ಸಮರ್ಥನೆಯಾಗಿ ಕೇಳಬಾರದು, ಅಪಾಯದ ಸೂಚನೆಯಾಗಿ ಕೇಳಲೇಬೇಕು. ಈ ಎರಡನ್ನೂ ಒಟ್ಟಿಗೆ ಹಿಡಿಯುವುದೇ ಕಷ್ಟದ ಕೆಲಸ.

ಅದು ಸಾಧ್ಯವೆಂಬುದಕ್ಕೆ ಬೆಂಗಳೂರಿನ ಪುರಾವೆಯಿದೆ. ವೀಣಾ ಸತ್ಯನಾರಾಯಣ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮದ್ಯವ್ಯಸನಿಗಳಾದ 177 ಗಂಡಸರಿದ್ದರು. ಕೆಲವರಿಗೆ ವಾಡಿಕೆಯ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಕುಡಿತ, ಸಿಟ್ಟು, ಹಿಂಸೆ ಎಲ್ಲವನ್ನೂ ಕೂಡಿಸಿ ನೋಡುವ ಸಮಾಲೋಚನೆ. ಕುಡಿತದ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಎರಡನೇ ಗುಂಪಿನವರ ಹೆಂಡಿರು ಹಿಂಸೆ ತಗ್ಗಿತೆಂದರು, ಅವರ ಖಿನ್ನತೆ, ಆತಂಕವೂ ಇಳಿದವು. ಬಾಟಲಿ ಬಿಡಿಸಿದರೆ ಸಾಕೆನ್ನುವವರು ಈ ಫಲಿತಾಂಶವನ್ನು ಗಮನಿಸಬೇಕು.

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಶನಿವಾರ ಬಟವಾಡೆ. ಟಾಸ್ಮ್ಯಾಕ್ ರಾತ್ರಿ 10ರವರೆಗೆ ತೆರೆದಿರುತ್ತದೆ. ಉಳಿದದ್ದೆಷ್ಟು ಎಂದು ಹೆಂಡತಿ ಕೇಳುವ ಹೊತ್ತಿಗೆ ಕೈ ಏಳುತ್ತದೆ. ಅದೇ ಸಂಜೆ ಸೂಪರ್‌ವೈಸರನ ಮೇಲೆ, ಬಸ್ ಕಂಡಕ್ಟರನ ಮೇಲೆ ಆ ಕೈ ಏಕೆ ಏಳಲಿಲ್ಲ? ಸಮಾಲೋಚಕರು ಮೊದಲು ಕೇಳಬೇಕಾದ ಪ್ರಶ್ನೆ ಇದು. ಶನಿವಾರದ ಹಣ ಯಾರ ಕೈಗೆ, ಆ ರಾತ್ರಿ ಆಕೆ ಎಲ್ಲಿರುತ್ತಾಳೆ ಎಂಬುದು ಆಮೇಲಿನದು.

ಈ ಕಾಯ್ದೆಯಡಿ ಹೆಂಗಸರ ನೆರವಿಗಿರುವ ಸಂರಕ್ಷಣಾಧಿಕಾರಿ ಸಮಾಜ ಕಲ್ಯಾಣ ಇಲಾಖೆಯವರು, ಸರ್ಕಾರಿ ಆಸ್ಪತ್ರೆಯ ವ್ಯಸನಮುಕ್ತಿ ವಾರ್ಡು ಆರೋಗ್ಯ ಇಲಾಖೆಯದು. ಹಾಗಾಗಿ ಗಂಡ ಕುಡಿತ ಬಿಟ್ಟನೆಂಬ ಆಸ್ಪತ್ರೆಯ ಚೀಟಿಯನ್ನು ಹಿಂಸೆ ನಿಂತ ಪುರಾವೆಯೆಂದು ಒಪ್ಪದೆ, ಹೆಂಡತಿಯನ್ನು ಪ್ರತ್ಯೇಕವಾಗಿ ವಿಚಾರಿಸಿದ ಮೇಲೆಯೇ ಅಧಿಕಾರಿಗಳು ಕಡತ ಮುಚ್ಚಬೇಕು.